ಕಣ್ಣಾಮುಚ್ಚಾಲೆ ಆಡುವ ಹೆಡ್‌ಲೈಟ್



ಸುವರ್ಣ ಮಹೋತ್ಸವ ಸಮಿತಿಯವರು ಅಮೆರಿಕದ ಅನುಭವ ಹೇಳಬೇಕೆಂದು ಕೇಳಿದ್ದಾರೆ. ಅಲ್ಲಿನ ದೊಡ್ಡ ಕಟ್ಟಡಗಳನ್ನು ನೀವು ಮೊಬೈಲಿನಲ್ಲೇ ನೋಡಿದ್ದೀರಿ. ಅದಕ್ಕೇ ನಾನು ಒಂದು ಲಾರಿಯ ದೀಪದ ವಿಷಯ ಹೇಳುತ್ತೇನೆ. ಅದು ಅಲ್ಲಿಯದಾದರೂ ಅದರ ಪಾಠ ನಮ್ಮ ಕಬ್ಬಿನ ಗಾಡಿಗೂ ಸಲ್ಲುತ್ತದೆ.

ನಾನಿರುವುದು ನ್ಯೂಯಾರ್ಕ್ ರಾಜ್ಯದ ಬಫಲೋ ಎಂಬ ಊರಿನಲ್ಲಿ. ಪಕ್ಕದಲ್ಲೇ ಈರಿ ಸರೋವರ. ಚಳಿಗಾಲದಲ್ಲಿ ಸರೋವರದ ಮೇಲಿಂದ ಬರುವ ತಣ್ಣನೆ ಗಾಳಿ ನೀರಿನ ಆವಿ ಹೊತ್ತು ತಂದು ದಡದ ಮೇಲೆ ಹಿಮ ಸುರಿಯುತ್ತದೆ. 2022ರ ನವೆಂಬರ್‌ನಲ್ಲಿ ಬಫಲೋ ಪಕ್ಕದ ಕೆಲವು ಊರುಗಳಲ್ಲಿ ನಾಲ್ಕೈದು ದಿನದೊಳಗೆ ಆರು ಅಡಿಗೂ ಹೆಚ್ಚು ಹಿಮ ಬಿತ್ತು. ಅಷ್ಟು ಹಿಮವನ್ನು ಗುದ್ದಲಿಯಿಂದ ತೆಗೆಯಲಾಗದು. ಪಿಕಪ್ ಟ್ರಕ್ಕಿನ ಮುಂದೆ ಏಳೆಂಟು ಅಡಿ ಅಗಲದ ಉಕ್ಕಿನ ಹಲಗೆ ಕಟ್ಟಿ ತಳ್ಳುತ್ತಾರೆ. ಅದಕ್ಕೆ ಸ್ನೋಪ್ಲೋ ಎನ್ನುತ್ತಾರೆ. ನಮ್ಮ ಕಡೆ ಟ್ರ್ಯಾಕ್ಟರಿನ ಮುಂದೆ ಮಣ್ಣು ತಳ್ಳುವ ಹಲಗೆ ಕಟ್ಟುವುದನ್ನು ನೀವು ನೋಡಿದ್ದೀರಿ, ಹಾಗೆಯೇ.

ನಮ್ಮ ಪಕ್ಕದ ಮನೆಯ ಯಜಮಾನರು ನಿವೃತ್ತ ಬಸ್ ಚಾಲಕರು. ಅವರ ಬಳಿ ಅಂಥದ್ದೊಂದು ಟ್ರಕ್ ಇದೆ. ಹಿಮ ಬಿದ್ದ ರಾತ್ರಿ ಮೂರು ಗಂಟೆಗೆ ಎದ್ದು ಬೀದಿಯ ಮನೆಗಳ ಮುಂದಿನ ದಾರಿ ಬಿಡಿಸುತ್ತಾರೆ. ಅದರಲ್ಲಿ ಒಂದು ಮನೆ ಬೆಳಗ್ಗೆ ಐದೂವರೆಗೆ ಡಯಾಲಿಸಿಸ್‌ಗೆ ಹೊರಡುವ ಅಜ್ಜಿಯದು. ಒಂದು ಚಳಿಗಾಲದಲ್ಲಿ ಅವರ ಹೆಡ್‌ಲೈಟ್ ಕಣ್ಣಾಮುಚ್ಚಾಲೆ ಶುರು ಮಾಡಿತು. ಉರಿಯುತ್ತಿದ್ದುದು ಮಂಕಾಗುವುದು, ಆರುವುದು, ಮತ್ತೆ ತಾನೇ ಹತ್ತುವುದು. ಅಲ್ಲಿ ಜನವರಿಯಲ್ಲಿ ಸೂರ್ಯ ಹುಟ್ಟುವುದು ಏಳೂ ಮುಕ್ಕಾಲರ ಹೊತ್ತಿಗೆ. ಅದಕ್ಕೆ ಮುಂಚೆಯೇ ಮಕ್ಕಳು ಶಾಲಾ ಬಸ್ಸಿಗಾಗಿ ಬೀದಿಬದಿಯಲ್ಲಿ ಕತ್ತಲಲ್ಲಿ ನಿಂತಿರುತ್ತಾರೆ. ಆ ಟ್ರಕ್ಕಿಗೆ ಕಣ್ಣು ಕಾಣದಿದ್ದರೆ ಏನಾಗಬಹುದೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ರಿಪೇರಿ ಅಂಗಡಿಗೆ ಒಯ್ದರೆ ದೀಪ ಚೆನ್ನಾಗಿಯೇ ಉರಿಯುತ್ತಿತ್ತು! ಮೊದಲ ಸಲ ಬಲ್ಬ್ ಬದಲಾಯಿಸಿದರು. ಎರಡನೇ ಸಲ ರಿಲೇ. ಮೂರನೇ ಸಲ ಡ್ಯಾಶ್‌ಬೋರ್ಡಿನ ಸ್ವಿಚ್. ಮೂರು ಸಲವೂ ದುಡ್ಡು ಹೋಯಿತು, ದೋಷ ಉಳಿಯಿತು.

ಈಗ ಆ ದೀಪದ ವ್ಯವಸ್ಥೆ ಸ್ವಲ್ಪ ತಿಳಿಯಬೇಕು. ಹಲಗೆಯನ್ನು ಮೇಲೆತ್ತಿದಾಗ ಅದು ಟ್ರಕ್ಕಿನ ಸ್ವಂತ ದೀಪಗಳಿಗೆ ಅಡ್ಡ ಬರುತ್ತದೆ. ಆದ್ದರಿಂದ ಹಲಗೆಯ ಚೌಕಟ್ಟಿನ ಮೇಲೆಯೇ ಎತ್ತರದಲ್ಲಿ ಬೇರೆ ಎರಡು ದೀಪ ಇಟ್ಟಿರುತ್ತಾರೆ. ಹಲಗೆಯ ಪ್ಲಗ್ಗನ್ನು ಟ್ರಕ್ಕಿಗೆ ಸಿಕ್ಕಿಸಿದರೆ ರಿಲೇಗಳು ವಿದ್ಯುತ್ತನ್ನು ಟ್ರಕ್ಕಿನ ದೀಪದಿಂದ ಹಲಗೆಯ ದೀಪಕ್ಕೆ ತಿರುಗಿಸುತ್ತವೆ, ಕಾಲುವೆಯ ತೂಬು ತಿರುಗಿಸಿದ ಹಾಗೆ. ಅಂದರೆ ಸ್ವಿಚ್ಚಿನಿಂದ ಬಲ್ಬಿನವರೆಗಿನ ದಾರಿಯಲ್ಲಿ ಹೊಸದಾಗಿ ಪ್ಲಗ್ಗು, ರಿಲೇ, ಹೋಲ್ಡರ್, ಅರ್ಥಿಂಗ್ ಎಂದು ಹತ್ತಾರು ಗಂಟುಗಳು ಸೇರಿದವು. ಹಿಮ ಕರಗಲೆಂದು ಅಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪುನೀರು ಎಲ್ಲ ಗಂಟಿಗೂ ಸಿಡಿಯುತ್ತದೆ.

ನನ್ನ ಕೆಲಸ ಸಾಫ್ಟ್‌ವೇರ್. ನಮ್ಮಲ್ಲೂ ದಿನಕ್ಕೊಮ್ಮೆ ಬಂದು ಮಾಯವಾಗುವ ದೋಷಗಳಿವೆ. ಅಂಥ ದೋಷ ಎಲ್ಲಿದೆ ಎಂದು ಹುಡುಕುವ ಮುಂಚೆ ಅದು ಯಾವಾಗ ಬರುತ್ತದೆ ಎಂದು ಬರೆದಿಡುವುದು ನಮ್ಮ ಪದ್ಧತಿ. ಯಜಮಾನರಿಗೂ ಅದನ್ನೇ ಹೇಳಿದೆ. ಟ್ರಕ್ಕಿನಲ್ಲಿ ಒಂದು ಪುಸ್ತಕ, ಒಂದು ಪೆನ್ಸಿಲ್ ಇಟ್ಟೆವು. ದೀಪ ಕೈಕೊಟ್ಟಾಗಲೆಲ್ಲ ನಾಲ್ಕು ವಿಷಯ ಬರೆಯಬೇಕು: ಒಂದು ದೀಪವೋ ಎರಡೂ ದೀಪವೋ, ಆಗ ಹಲಗೆ ಏನು ಮಾಡುತ್ತಿತ್ತು, ರಸ್ತೆ ಹೇಗಿತ್ತು, ಎಷ್ಟು ಹೊತ್ತಿಗೆ ಮರಳಿ ಹತ್ತಿತು.

ಈ ನಾಲ್ಕು ಪ್ರಶ್ನೆಗೆ ಕಾರಣವಿದೆ. ಎರಡೂ ದೀಪ ಒಟ್ಟಿಗೆ ಆರಿದರೆ ದೋಷ ಇಬ್ಬರಿಗೂ ಸೇರಿದ ದಾರಿಯಲ್ಲಿದೆ, ಅಂದರೆ ಸ್ವಿಚ್, ರಿಲೇ ಅಥವಾ ದೊಡ್ಡ ಪ್ಲಗ್ಗಿನಲ್ಲಿ. ಒಂದೇ ಆರಿದರೆ ಆ ದೀಪದ ಸ್ವಂತ ಕವಲಿನಲ್ಲಿ. ಹಲಗೆ ಎತ್ತುವಾಗ ಮಾತ್ರ ಮಂಕಾದರೆ ಬ್ಯಾಟರಿ ನೋಡಬೇಕು, ಏಕೆಂದರೆ ಎತ್ತುವ ಪಂಪಿನ ಮೋಟಾರು ನೂರು ಆಂಪಿಯರ್‌ಗೂ ಹೆಚ್ಚು ಎಳೆಯಬಲ್ಲದು. ಗಡಿಯಾರದಂತೆ ಒಂದೇ ಲಯದಲ್ಲಿ ಆರಿ ಹತ್ತಿದರೆ, ಹೆಚ್ಚು ಪ್ರವಾಹಕ್ಕೆ ಬಿಸಿಯಾಗಿ ಬಿಟ್ಟುಕೊಂಡು ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳುವ ಬ್ರೇಕರ್ ಮೇಲೆ ಅನುಮಾನ. ಹಳೆಯ ಅಮೆರಿಕನ್ ಟ್ರಕ್ಕುಗಳಲ್ಲಿ ಅದು ಸ್ವಿಚ್ಚಿನೊಳಗೇ ಇರುತ್ತಿತ್ತು. ಕುಲುಕಿದಾಗ ಆರಿದರೆ ಎಲ್ಲೋ ಸಡಿಲ.

ಎರಡು ಹಿಮಪಾತ ಕಳೆಯುವುದರಲ್ಲಿ ಪುಸ್ತಕದಲ್ಲಿ ಹನ್ನೊಂದು ಸಾಲು ತುಂಬಿತು. ಹನ್ನೊಂದರಲ್ಲೂ ಬಲಗಡೆಯ ದೀಪವೇ. ಒಂಬತ್ತರಲ್ಲಿ ಹಲಗೆ ಧೊಪ್ಪೆಂದು ನೆಲಕ್ಕೆ ಬಿದ್ದ ಹೊತ್ತು ಅಥವಾ ಚಕ್ರ ಗುಂಡಿಗೆ ಇಳಿದ ಹೊತ್ತು. ಸ್ವಿಚ್ಚು, ದೊಡ್ಡ ರಿಲೇ, ಬ್ಯಾಟರಿ ಎಲ್ಲ ಅನುಮಾನದಿಂದ ಬಿಡುಗಡೆಯಾದವು. ಒಂದು ತಿರುಪು ಬಿಚ್ಚದೆ ಹುಡುಕುವ ಜಾಗ ಎರಡಡಿಗೆ ಇಳಿಯಿತು.

ಇನ್ನು ಅಳತೆ. ಇಲ್ಲಿ ನಮ್ಮ ಹತ್ತನೇ ತರಗತಿಯ ಓಮ್‌ನ ನಿಯಮ ಬೇಕಾಗುತ್ತದೆ. ವಿಭವಾಂತರ ಎಂದರೆ ಪ್ರವಾಹವನ್ನು ರೋಧದಿಂದ ಗುಣಿಸಿದ್ದು. 55 ವ್ಯಾಟ್ ಬಲ್ಬ್ ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಅರ್ಧ ಓಮ್ ಕಿಲುಬು ಸೇರಿದರೆ ಸುಮಾರು ಎರಡು ವೋಲ್ಟ್ ಅಲ್ಲೇ ಖರ್ಚಾಗುತ್ತದೆ. ತಂತುವಿನ ಬಲ್ಬ್‌ಗೆ ಎರಡು ವೋಲ್ಟ್ ಕಡಿಮೆಯಾದರೆ ಬೆಳಕು ಅರ್ಧದ ಹತ್ತಿರ ಇಳಿಯುತ್ತದೆ. ಅಂಗಡಿಯವರು ದೀಪ ಆರಿಸಿ, ಮೀಟರಿನಲ್ಲಿ 'ಬೀಪ್' ಸದ್ದು ಕೇಳಿ ತಂತಿ ಸರಿಯಿದೆ ಎಂದಿದ್ದರು. ಮೀಟರು ಕಳಿಸುವುದು ತೀರಾ ಅಲ್ಪ ಪ್ರವಾಹ. ಅದಕ್ಕೆ ತಾಮ್ರದ ಒಂದೇ ಎಳೆ ಉಳಿದಿದ್ದರೂ ಸಾಕು, ಬೀಪ್ ಎನ್ನುತ್ತದೆ. ಒಬ್ಬನೇ ದಾಟಿ ನೋಡಿ ಸೇತುವೆ ಗಟ್ಟಿ ಎಂದು ಲಾರಿ ಬಿಟ್ಟ ಹಾಗಾಯಿತು.

ನಾವು ದೀಪ ಹೊತ್ತಿಸಿಯೇ ಅಳೆದೆವು. ಮೀಟರಿನ ಒಂದು ಮೊನೆ ಬ್ಯಾಟರಿಯ ಋಣ ತುದಿಗೆ, ಇನ್ನೊಂದು ಬಲದೀಪದ ಅರ್ಥಿಂಗ್ ತಂತಿಗೆ. ಅಲ್ಲಿ ಸೊನ್ನೆಯ ಹತ್ತಿರ ಇರಬೇಕು. ಇತ್ತು ಕೂಡ. ತಂತಿಯ ಕಟ್ಟನ್ನು ಕೈಯಲ್ಲಿ ಮೆಲ್ಲಗೆ ಅಲುಗಿಸುತ್ತ ಹೋದೆವು. ಒಂದು ಜಾಗದಲ್ಲಿ ಅಂಕಿ ನಾಲ್ಕು ವೋಲ್ಟಿಗೆ ಹಾರಿತು, ದೀಪ ಕೆಂಪಾಯಿತು. ಹೊದಿಕೆ ಸೀಳಿ ನೋಡಿದರೆ ಒಳಗೆ ತಾಮ್ರ ಹಸಿರು ಕಿಲುಬಾಗಿ ಪುಡಿಯಾಗಿತ್ತು. ಹೊರಗಿನ ಪ್ಲಾಸ್ಟಿಕ್ ಹೊಸದರಂತೆ ಹೊಳೆಯುತ್ತಿತ್ತು. ಒಂದು ಗೇಣು ತಂತಿ, ಒಂದು ಕೊಂಡಿ, ನೀರು ಹೋಗದಂತೆ ಮೇಲೊಂದು ಕೊಳವೆ, ಪ್ಲಗ್ಗುಗಳಿಗೆ ಗ್ರೀಸು. ಒಟ್ಟು ಖರ್ಚು ಒಂದು ಊಟದ ದುಡ್ಡಿಗಿಂತ ಕಡಿಮೆ. ಮುಂದಿನ ಹಿಮಪಾತದಲ್ಲಿ ಯಜಮಾನರ ಪುಸ್ತಕಕ್ಕೆ ಒಂದು ಸಾಲೂ ಸೇರಲಿಲ್ಲ.

ಬಂಧುಗಳೇ, ನಮ್ಮಲ್ಲಿ ಹಿಮವಿಲ್ಲ, ಆದರೆ ಕಬ್ಬಿನ ಕಾಲವಿದೆ. ಎರಡೆರಡು ಟ್ರೈಲರ್ ಕಟ್ಟಿಕೊಂಡು ರಾತ್ರಿ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳ ಹಿಂದಿನ ಕೆಂಪು ದೀಪ ಎಷ್ಟು ಉರಿಯುತ್ತವೆ? ನಿಂತ ಟ್ರೈಲರಿಗೆ ಹಿಂದಿನಿಂದ ಬಂದು ಗುದ್ದಿದ ಬೈಕುಗಳ ಸುದ್ದಿ ನಮಗೆ ಹೊಸದಲ್ಲ. ಕೇಳಿದರೆ "ನಿನ್ನೆ ಉರೀತಿತ್ತು ಕಣಪ್ಪ" ಎನ್ನುತ್ತೇವೆ. ಸುಳ್ಳಲ್ಲ, ನಿನ್ನೆ ಉರಿಯುತ್ತಿತ್ತು. ಅಲ್ಲಿ ಉಪ್ಪುನೀರು, ಇಲ್ಲಿ ಕೆಸರು. ಎಷ್ಟೋ ಟ್ರೈಲರುಗಳಿಗೆ ಬೇರೆ ಅರ್ಥಿಂಗ್ ತಂತಿಯೇ ಇಲ್ಲ, ತುಕ್ಕು ಹಿಡಿದ ಕೊಂಡಿಯ ಮೂಲಕವೇ ವಿದ್ಯುತ್ ವಾಪಸು ಬರಬೇಕು. ಕೊಂಡಿ ಅಲುಗಿದಾಗಲೆಲ್ಲ ದೀಪ ಆರುತ್ತದೆ. ಟ್ರೈಲರಿನ ದೀಪದಿಂದ ಟ್ರ್ಯಾಕ್ಟರಿನವರೆಗೆ ಪ್ರತ್ಯೇಕ ತಂತಿ ಎಳೆದರೆ ಅರ್ಧ ರೋಗ ಅಲ್ಲೇ ವಾಸಿ. ಹಿಂದೆ ಹೊಳೆಯುವ ಪಟ್ಟಿಯನ್ನೂ ಅಂಟಿಸಿ. ದೀಪ ಕೈಕೊಟ್ಟ ದಿನ ಅದೇ ಕಾಪಾಡುತ್ತದೆ.

ನನ್ನ ಕೋರಿಕೆ ಇಷ್ಟೇ. ಈ ಶಾಲೆಯ ವಿಜ್ಞಾನ ಕೊಠಡಿಗೆ ಹತ್ತು ಮಲ್ಟಿಮೀಟರ್ ನಾನು ಕೊಡುತ್ತೇನೆ. ಪ್ರತಿ ವರ್ಷ ಕಬ್ಬು ಕಡಿಯುವ ಮುಂಚೆ ಒಂದು ಶನಿವಾರ, ಶಿಕ್ಷಕರ ಜೊತೆಯಲ್ಲಿ, ಹತ್ತನೇ ತರಗತಿಯ ಮಕ್ಕಳು ಊರಿನ ಟ್ರೈಲರುಗಳ ದೀಪ ಪರೀಕ್ಷಿಸಲಿ. ಅದು 12 ವೋಲ್ಟಿನ ಬ್ಯಾಟರಿಯ ಕೆಲಸ, ಮಕ್ಕಳು ಮಾಡಬಹುದು. ಮನೆಯ 230 ವೋಲ್ಟಿನ ಗೊಡವೆಗೆ ಮಾತ್ರ ಹೋಗಬೇಡಿ. ಮಾಲೀಕರು ಆ ಒಂದು ದಿನ ಟ್ರೈಲರುಗಳನ್ನು ಶಾಲೆಯ ಮೈದಾನಕ್ಕೆ ತಂದು ನಿಲ್ಲಿಸಬೇಕು. ತರುತ್ತೀರಿ ಎಂದು ನಂಬಿದ್ದೇನೆ.