ಕೊರಳಿನ ಕಾರ್ಡು ಸತ್ಯ ಹೇಳಬೇಕು

ಇವತ್ತು ಒಂದು ಸಣ್ಣ ಉದ್ಯೋಗದ ಬಗ್ಗೆ ಮಾತಾಡೋಣ. ಅದು ಮನೆಯಲ್ಲೇ ಕುಳಿತು ಗುರುತಿನ ಕಾರ್ಡು ಮಾಡಿಕೊಡುವ ಕೆಲಸ.

ನಮ್ಮ ಊರುಗಳ ಬಟ್ಟೆ ಅಂಗಡಿ, ಖಾನಾವಳಿ, ಅಕ್ಕಿ ಗಿರಣಿ, ಹತ್ತಿ ಮಿಲ್ಲುಗಳಲ್ಲಿ ಎಷ್ಟು ಮಂದಿ ದುಡಿಯುತ್ತಾರೆ! ‘ನಾನು ಇಲ್ಲಿ ಕೆಲಸ ಮಾಡ್ತೀನಿ’ ಅಂತ ತೋರಿಸಲು ಬಹಳ ಜನರ ಹತ್ತಿರ ಒಂದು ಕಾಗದವೂ ಇಲ್ಲ. ರಾತ್ರಿ ಕೆಲಸ ಬಿಟ್ಟು ಬರುವ ಹೆಣ್ಣುಮಗಳನ್ನು ಯಾರಾದರೂ ತಡೆದು ಕೇಳಿದರೆ ಏನು ತೋರಿಸಬೇಕು? ದಾರಿಯಲ್ಲಿ ಬಿದ್ದು ಎಚ್ಚರ ತಪ್ಪಿದರೆ ಜನ ಯಾರಿಗೆ ಫೋನ್ ಮಾಡಬೇಕು? ಪಗಾರ ಬಾಕಿ ಕೇಳಿದಾಗ ಮಾಲೀಕರು ‘ಈಕೆ ಯಾರೋ ಗೊತ್ತಿಲ್ಲ’ ಅಂದರೆ? ಅವರದೇ ಸಹಿ ಇರುವ ಕಾರ್ಡು ಆಗ ಒಂದು ಸಾಕ್ಷಿ.

ಕಾರ್ಡು ಎಟಿಎಂ ಕಾರ್ಡಿನಷ್ಟೇ ಇರಲಿ, 86 ಮಿ.ಮೀ. ಉದ್ದ, 54 ಮಿ.ಮೀ. ಅಗಲ. ಮುಂದೆ ಫೋಟೋ, ಹೆಸರು, ಕೆಲಸ, ಅಂಗಡಿಯ ಹೆಸರು. ಹಿಂದೆ ರಕ್ತದ ಗುಂಪು, ಮನೆಯವರ ಮತ್ತು ಮಾಲೀಕರ ಫೋನ್, ಕಾರ್ಡಿನ ಅವಧಿ, ಸಹಿ, ಸೀಲು. ಆಧಾರ್ ನಂಬರ್ ಹಾಕಬ್ಯಾಡ್ರಿ. ಕಾರ್ಡು ಕಳೆದರೆ ಅದು ಯಾರ ಕೈಗಾದರೂ ಸಿಗುತ್ತದೆ. ಸರ್ಕಾರದ ಸಿಂಹದ ಲಾಂಛನವನ್ನೂ ಹಾಕಬಾರದು. 2005ರ ಕಾಯ್ದೆಯ ಪ್ರಕಾರ ಅದು ತಪ್ಪು.

ನಾವು ಮೊದಲು ಮಾಡಿದಾಗ ಲ್ಯಾಮಿನೇಶನ್ ಆದ ಮೇಲೆ ಕಾಗದದ ಅಂಚಿಗೇ ಕತ್ತರಿಸಿದೆವು. ಬೆವರು ಒಳಗೆ ಹೊಕ್ಕು ಹೆಸರೇ ಅಳಿಸಿಹೋಯಿತು. ಅದಕ್ಕೇ ಹೇಳ್ತೀವಿ: ಇಂಕು ಪೂರ್ತಿ ಒಣಗಲಿ, ಸುತ್ತಲೂ 3 ಮಿ.ಮೀ. ಪ್ಲಾಸ್ಟಿಕ್ ಬಿಟ್ಟು ಕತ್ತರಿಸಿರಿ.

ಲೆಕ್ಕವನ್ನೂ ಬರೆದಿಡಿ. ಕಾಗದ, ಇಂಕು, ಪೌಚು, ದಾರ, ಕರೆಂಟು ಸೇರಿ ಒಂದಕ್ಕೆ 20 ರೂಪಾಯಿ ಬಿತ್ತು ಅನ್ನೋಣ. 35ಕ್ಕೆ ಕೊಟ್ಟರೆ 50 ಕಾರ್ಡಿಗೆ 750 ರೂಪಾಯಿ ಉಳಿಯಿತು. ಕೆಟ್ಟುಹೋದ ಕಾರ್ಡಿನ ಖರ್ಚನ್ನೂ ಅದರಲ್ಲೇ ಕಳೆಯಬೇಕು. ಮೊದಲೇ ಸಾಲ ಮಾಡಿ ಯಂತ್ರ ತರಬ್ಯಾಡ್ರಿ. ಪ್ರಿಂಟು ಹೊರಗೆ ಹಾಕಿಸಿ, ಗಿರಾಕಿ ನೋಡಿಕೊಂಡು ಮುಂದಿನ ಹೆಜ್ಜೆ ಇಡೋಣ.

ಈ ಕಾರ್ಡು ಸರ್ಕಾರದ ಕಾರ್ಡಲ್ಲ, ಇದನ್ನು ಗಿರಾಕಿಗಳಿಗೆ ಬಿಡಿಸಿ ಹೇಳಬೇಕು. ಅಸಂಘಟಿತ ಕಾರ್ಮಿಕರಿಗೆ 2021ರ ಆಗಸ್ಟ್ 26ರಂದು ಶುರುವಾದ ಇ-ಶ್ರಮ್ ನೋಂದಣಿ ಬೇರೆ. ಅದರಲ್ಲಿ 12 ಅಂಕಿಯ ನಂಬರ್ ಸಿಗುತ್ತದೆ. ನಮ್ಮ ಕಾರ್ಡು ಪಡೆದವರಿಗೆ ಅದನ್ನೂ ಮಾಡಿಸಿಕೊಳ್ಳಲು ತಿಳಿಸೋಣ.

ಕೊನೆಗೆ ಒಂದು ಮಾತು. ‘ಹುಡುಗಿ ಸಣ್ಣಾಕಿ, ಆದ್ರೂ ವಯಸ್ಸು 18 ಅಂತ ಹಾಕ್ರಿ’ ಅಂತ ಯಾರಾದರೂ ಬಂದರೆ ಏನು ಮಾಡುತ್ತೀರಿ? ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಶಾಲೆ ಬಿಟ್ಟ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. 14 ತುಂಬದ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವುದು ಅಪರಾಧ. 14ರಿಂದ 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವುದನ್ನೂ 2016ರ ತಿದ್ದುಪಡಿ ನಿಷೇಧಿಸಿದೆ. ಸುಳ್ಳು ವಯಸ್ಸಿನ ಕಾರ್ಡು ಆ ಮಗುವಿಗೆ ರಕ್ಷಣೆ ಅಲ್ಲ, ಅದನ್ನು ದುಡಿಸಿಕೊಳ್ಳುವವರಿಗೆ ರಕ್ಷಣೆ. 15 ರೂಪಾಯಿ ಲಾಭಕ್ಕೆ ಒಂದು ಮಗುವಿನ ಶಾಲೆಯನ್ನು ಮಾರಬಾರದು.

ಆದ್ದರಿಂದ ವಯಸ್ಸಿನ ದಾಖಲೆ ನೋಡದೆ, ಮಾಲೀಕರ ಸಹಿ ಇಲ್ಲದೆ ಒಂದು ಕಾರ್ಡೂ ನಮ್ಮ ಮನೆಯಿಂದ ಹೊರಗೆ ಹೋಗಬಾರದು. ಮುಂದಿನ ವಾರದ ಸಭೆಯಲ್ಲಿ ಇದನ್ನು ಠರಾವು ಮಾಡಿ, ಪುಸ್ತಕದಲ್ಲಿ ಬರೆದು, ಎಲ್ಲರೂ ಸಹಿ ಹಾಕೋಣ. ಆಮೇಲೆ ಕೆಲಸ ಶುರು ಮಾಡೋಣ.