ಕಾಳೂ ಒಂದು ಬಲೆ

(ನೀಲಗುಂದದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಬೇಟೆ ಎಂದೊಡನೆ ಕಣ್ಣ ಮುಂದೆ ಬರುವುದು ಕೋವಿ, ಬಲೆ, ಉರುಳು, ಬೇಟೆನಾಯಿ. ಒಂದು ಹಿಡಿ ಮೆಕ್ಕೆಜೋಳವನ್ನು ಆ ಸಾಲಿಗೆ ಯಾರೂ ಸೇರಿಸುವುದಿಲ್ಲ. ಆದರೆ ಜಗತ್ತಿನ ಕೆಲವು ಭಾಗಗಳಲ್ಲಿ ಜಿಂಕೆಯ ಬೇಟೆ ಆರಂಭವಾಗುವುದೇ ಆ ಒಂದು ಹಿಡಿ ಕಾಳಿನಿಂದ.

ಅಮೆರಿಕದ ಟೆಕ್ಸಾಸ್ ರಾಜ್ಯದ ಖಾಸಗಿ ಜಮೀನುಗಳಲ್ಲಿ ಸ್ವಯಂಚಾಲಿತ ಮೇವಿನ ಯಂತ್ರಗಳು ಸಾಮಾನ್ಯ ನೋಟ. ಅನೇಕರು ಅವನ್ನು ಮನೆಯಲ್ಲೇ ತಯಾರಿಸಿಕೊಳ್ಳುತ್ತಾರೆ. ಕಾಲುಗಳ ಮೇಲೆ ನಿಂತ ಪೀಪಾಯಿ, ಅದರ ತುಂಬ ಮೆಕ್ಕೆಜೋಳ, ಕೆಳಗೆ ಬ್ಯಾಟರಿಯಿಂದ ತಿರುಗುವ ತಟ್ಟೆ, ವೇಳೆಯನ್ನು ಗೊತ್ತುಪಡಿಸುವ ಗಡಿಯಾರ. ಮುಂಜಾನೆ ಮತ್ತು ಮುಸ್ಸಂಜೆ ಕೆಲವು ಕ್ಷಣ ತಟ್ಟೆ ತಿರುಗಿ ಕಾಳನ್ನು ಸುತ್ತಲೂ ಚೆಲ್ಲುತ್ತದೆ. ಜಿಂಕೆಗಳು ಆ ಸದ್ದಿಗೂ ಆ ಹೊತ್ತಿಗೂ ಒಗ್ಗಿಕೊಳ್ಳುತ್ತವೆ. ಬೇಟೆಗಾರನು ಮರೆಯಲ್ಲಿ ಕಾದು ಕುಳಿತರಾಯಿತು. ಅಲ್ಲಿನ ಕಾನೂನು ಇದನ್ನು ಒಪ್ಪುತ್ತದೆ. 1930ರ ದಶಕದಲ್ಲಿ ಆ ರಾಜ್ಯಕ್ಕೆ ಒಯ್ಯಲ್ಪಟ್ಟ ಕೃಷ್ಣಮೃಗಗಳ ಸಂತತಿಯೂ ಇಂದು ಅಲ್ಲಿ ಹಣ ತೆತ್ತು ಬೇಟೆಯಾಡುವವರ ಗುರಿಯಾಗಿದೆ.

ಕೃಷ್ಣಮೃಗದ ಮೂಲ ನೆಲೆ ಇರುವುದು ಭಾರತ ಉಪಖಂಡದ ಒಣ ಬಯಲುಗಳಲ್ಲಿ. ಜನರ ಬಾಯಲ್ಲಿ ಅದು ಚಿಗರಿ. ಜಿಂಕೆಯೆಂದು ಕರೆದರೂ ಶಾಸ್ತ್ರದ ದೃಷ್ಟಿಯಲ್ಲಿ ಅದು ಹುಲ್ಲೆ; ಚುಕ್ಕೆಜಿಂಕೆಯ ಕೊಂಬು ಬಿದ್ದು ಮತ್ತೆ ಬೆಳೆಯುತ್ತದೆ, ಚಿಗರಿಯ ಕೊಂಬು ಬೀಳುವುದಿಲ್ಲ. ತುಂಗಭದ್ರೆಯ ಆಚೆ ರಾಣೆಬೆನ್ನೂರಿನಲ್ಲಿ 1974ರಲ್ಲಿ ಸ್ಥಾಪನೆಯಾದ ಅಭಯಾರಣ್ಯವು ಸುಮಾರು 119 ಚದರ ಕಿಲೋಮೀಟರ್ ವಿಸ್ತಾರವಾಗಿದ್ದು, ಈ ಪ್ರಾಣಿಯ ರಕ್ಷಣೆಗೆಂದೇ ಮೀಸಲಾಗಿದೆ. ಆದರೆ ಚಿಗರಿಗೆ ಅಭಯಾರಣ್ಯದ ಗಡಿಕಲ್ಲು ತಿಳಿಯದು. ಹುಲ್ಲುಬಯಲುಗಳು ಉಳುಮೆಗೆ ಸಿಕ್ಕಿ ಹೊಲಗಳಾದ ಮೇಲೆ ಅದು ಹೊಲಕ್ಕೇ ಬರುತ್ತದೆ. ಹೀಗಾಗಿ ಮೆಕ್ಕೆಜೋಳ ಬೆಳೆಯುವ ಈ ಸೀಮೆಯಲ್ಲಿ ಪೀಪಾಯಿಯೂ ಬೇಡ, ಗಡಿಯಾರವೂ ಬೇಡ; ಹೊಲವೇ ಮೇವಿನ ಯಂತ್ರ. ಬೆಳೆ ಕಳೆದುಕೊಂಡ ರೈತನ ಸಿಟ್ಟನ್ನೇ ನೆಪವಾಗಿಸಿಕೊಂಡು ಮಾಂಸದ ಆಸೆಯವನು ಅಲ್ಲಿಗೆ ಬರುತ್ತಾನೆ.

‘ಕಾಳು ಚೆಲ್ಲಿದ್ದು ಮಾತ್ರ, ಕೊಂದಿಲ್ಲವಲ್ಲ’ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2(16)ನೆಯ ಕಲಂ ಬೇಟೆಯ ಅರ್ಥವನ್ನು ವಿಶಾಲವಾಗಿ ಹೇಳಿದೆ. ಕೊಲ್ಲುವುದು, ವಿಷವಿಕ್ಕುವುದು ಮಾತ್ರವಲ್ಲ. ಹಿಡಿಯುವುದು, ಉರುಳೊಡ್ಡುವುದು, ಅಟ್ಟುವುದು, ಆಮಿಷವೊಡ್ಡುವುದು, ಇವುಗಳ ಪ್ರಯತ್ನ ಕೂಡ ಬೇಟೆಯೇ. 9ನೆಯ ಕಲಂ ಅದನ್ನು ನಿಷೇಧಿಸಿದೆ. ಕೃಷ್ಣಮೃಗವು ಮೊದಲನೆಯ ಅನುಸೂಚಿಯಲ್ಲಿದೆ. ಅದರ ಬೇಟೆಗೆ ಮೂರರಿಂದ ಏಳು ವರ್ಷಗಳ ಸೆರೆವಾಸವಿದೆ; 2022ರ ತಿದ್ದುಪಡಿಯ ನಂತರ ದಂಡವು 25,000 ರೂಪಾಯಿಗಿಂತ ಕಡಿಮೆಯಾಗುವಂತಿಲ್ಲ. ಗುಂಡು ಹಾರುವ ಮೊದಲೇ, ಬೇಟೆಗೆಂದು ಕಾಳು ಚೆಲ್ಲಿದಾಗಲೇ ಅಪರಾಧ ನಡೆದುಹೋಗಿರುತ್ತದೆ.

ಕಾನೂನು ಇಷ್ಟು ಕಠಿಣವಾಗಿರುವುದಕ್ಕೆ ಕಾರಣವಿದೆ. ಆಮಿಷಕ್ಕೆ ಗುರಿಯೆಂಬುದಿಲ್ಲ, ಹಸಿದು ಬಂದವರೆಲ್ಲರೂ ಅದಕ್ಕೆ ಬಲಿ. ಹಂದಿಗೆಂದು ತಿನಿಸಿನಲ್ಲಿ ಹುದುಗಿಸಿಟ್ಟ ಸಿಡಿಮದ್ದು ಮೇಯಲು ಹೋದ ದನದ ದವಡೆಯನ್ನೂ ಒಡೆಯಬಲ್ಲದು. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಇಂಥದೇ ಮದ್ದಿನಿಂದ ಬಾಯಿ ಛಿದ್ರವಾಗಿ, ಹೊಳೆಯ ನೀರಿನಲ್ಲಿ ನಿಂತೇ ಪ್ರಾಣಬಿಟ್ಟಿತು.

ಬರಿಯ ಕಾಳೂ ನಿರಪಾಯಕಾರಿಯಲ್ಲ. ಇದನ್ನು ಕುರಿಗಾಹಿಗಳಿಗೆ ಹೇಳಿಕೊಡಬೇಕಾಗಿಲ್ಲ. ರಾಶಿಗೆ ಬಾಯಿಹಾಕಿ ಹೊಟ್ಟೆ ತುಂಬ ಕಾಳು ತಿಂದ ಕುರಿ ಮೆಲುಕು ನಿಲ್ಲಿಸಿ ನೆಲ ಹಿಡಿಯುತ್ತದೆ. ಹುಲ್ಲು ಜೀರ್ಣಿಸುವ ಮೊದಲ ಹೊಟ್ಟೆಯಲ್ಲಿ ಕಾಳಿನ ಪಿಷ್ಟವು ಬೇಗನೆ ಹುದುಗಿ ಆಮ್ಲವೇರುವುದೇ ಅದಕ್ಕೆ ಕಾರಣ. ಮೆಲುಕು ಹಾಕುವ ಚಿಗರಿಗೂ ಇದೇ ಗತಿ. ಮೇಲಾಗಿ, ಚದುರಿ ಮೇಯುವ ಪ್ರಾಣಿಗಳು ಒಂದೇ ಕಡೆ ಮೂತಿಯಿಟ್ಟು ತಿಂದರೆ ರೋಗ ಬಲುಬೇಗ ಹರಡುತ್ತದೆ. ಅಮೆರಿಕದ ಕೊಲರಾಡೋದಲ್ಲಿ 1967ರಲ್ಲಿ ಮೊದಲು ಕಾಣಿಸಿಕೊಂಡ, ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ಮಿದುಳಿನ ರೋಗದ ಭಯದಿಂದ ಅಲ್ಲಿನ ಹಲವು ರಾಜ್ಯಗಳೇ ಇಂದು ರೋಗಪೀಡಿತ ಪ್ರದೇಶಗಳಲ್ಲಿ ಕಾಳು ಚೆಲ್ಲುವುದನ್ನು ತಡೆದಿವೆ.

ಹಾಗೆಂದು ರೈತನ ನಷ್ಟವನ್ನು ಮರೆಯುವುದು ನ್ಯಾಯವಲ್ಲ. ಬಿತ್ತಿದ ಸಾಲನ್ನು ಬೆಳಗಾಗುವಷ್ಟರಲ್ಲಿ ಕಳೆದುಕೊಂಡವನಿಗೆ ಚಿಗರಿಯ ಚೆಲುವನ್ನು ವರ್ಣಿಸಿ ಫಲವಿಲ್ಲ. ಹಾನಿಯಾದ ಕೂಡಲೇ ಹೊಲದ ಛಾಯಾಚಿತ್ರ ಮತ್ತು ಪಹಣಿಯೊಂದಿಗೆ ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸುವುದು, ಊರವರು ಸರದಿಯಂತೆ ಹೊಲ ಕಾಯುವುದು, ಉಳಿದಿರುವ ಗೋಮಾಳ ಮತ್ತು ಹುಲ್ಲುಬಯಲು ಒತ್ತುವರಿಯಾಗದಂತೆ ಗ್ರಾಮಸಭೆಯಲ್ಲಿ ದನಿಯೆತ್ತುವುದು ರೈತನ ಕೈಯಲ್ಲಿರುವ ದಾರಿಗಳು. ಬಯಲಿನಲ್ಲಿ ಹುಲ್ಲು ಉಳಿದಷ್ಟೂ ಹೊಲದ ಮೇಲಿನ ಒತ್ತಡ ತಗ್ಗುತ್ತದೆ. ಉರುಳು, ಸಿಡಿಮದ್ದು ಅಥವಾ ಅನುಮಾನಾಸ್ಪದವಾಗಿ ಸುರಿದ ಕಾಳು ಕಂಡರೆ ವಿದ್ಯಾರ್ಥಿಗಳು ಅದನ್ನು ಮುಟ್ಟದೆ ಹಿರಿಯರಿಗೆ ತಿಳಿಸಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926.

ನೀಲಗುಂದದ ಭೀಮೇಶ್ವರ ದೇವಾಲಯ ಚಾಲುಕ್ಯರ ಕಾಲದ್ದು. ಅದೇ ವಂಶದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆಯು ಅರಸರ ವಿನೋದಗಳಲ್ಲಿ ಒಂದು. ಅಂದು ಹುಲ್ಲುಬಯಲಿಗೆ ಕೊನೆಯಿರಲಿಲ್ಲ. ಇಂದು ಉಳಿದಿರುವುದು ತುಂಡು ಬಯಲು, ಬೆರಳೆಣಿಕೆಯ ಹಿಂಡು. ಈ ಕಾಲದಲ್ಲಿ ಹಸಿದ ಪ್ರಾಣಿಯನ್ನು ಕಾಳು ತೋರಿಸಿ ಕರೆದು ಕೊಲ್ಲುವುದು ಶೌರ್ಯವೂ ಅಲ್ಲ, ವಿನೋದವೂ ಅಲ್ಲ. ಅನ್ನವಿಟ್ಟು ಕೊರಳು ಕೊಯ್ಯುವುದನ್ನು ಈ ನೆಲದ ಜನ ಎಂದೂ ಒಳ್ಳೆಯ ಹೆಸರಿನಿಂದ ಕರೆದವರಲ್ಲ.