ತಿರುಳಿನ ಕಾರ್ಖಾನೆಯಲ್ಲಿ ಸುಣ್ಣದ ಸಂಚಾರ

ಮರದಿಂದ ಕಾಗದದ ತಿರುಳನ್ನು ತೆಗೆಯುವ ಕಾರ್ಖಾನೆಯಲ್ಲಿ ಕೊಳವೆ, ಜರಡಿ, ಕಾಯಿಸುವ ನಳಿಗೆಗಳ ಒಳಮೈಗೆ ಕಲ್ಲಿನಂತೆ ಅಂಟಿಕೊಳ್ಳುವ ಖನಿಜದ ಪದರಕ್ಕೆ ಸ್ಕೇಲ್ ಎಂಬ ಹೆಸರಿದೆ. ಗಡಸು ನೀರು ಕಾಯುವ ಬಚ್ಚಲ ಹಂಡೆಯಲ್ಲಿ ಕಟ್ಟುವ ಬಿಳಿ ಹಕ್ಕಳೆಯ ಕುಲವೇ ಇದರದ್ದೂ ಆಗಿದ್ದರೂ, ಹಂಡೆಯ ಸುಣ್ಣ ಬಾವಿಯ ನೀರಿನಲ್ಲಿ ಬಂದರೆ ಕಾರ್ಖಾನೆಯ ಸುಣ್ಣ ಬಹುಪಾಲು ಮರದೊಳಗೇ ಕುಳಿತು ಬರುತ್ತದೆ. ಈ ವ್ಯತ್ಯಾಸವನ್ನು ಗಮನಿಸದೆ ನೀರನ್ನಷ್ಟೇ ಶುದ್ಧಗೊಳಿಸಲು ಹೊರಟರೆ ಶ್ರಮ ವ್ಯರ್ಥವಾಗುತ್ತದೆ.

ಇಂದು ಪ್ರಪಂಚದ ಬಹುಪಾಲು ರಾಸಾಯನಿಕ ತಿರುಳು ತಯಾರಾಗುವುದು 1879ರಲ್ಲಿ ಕಾರ್ಲ್ ದಾಲ್ ಡಾನ್‌ಜಿಗ್ ನಗರದಲ್ಲಿ ರೂಪಿಸಿದ ಕ್ರಾಫ್ಟ್ ವಿಧಾನದಿಂದ. ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಬೆರೆತ ವೈಟ್ ಲಿಕರ್ ಎಂಬ ದ್ರಾವಣದಲ್ಲಿ ಮರದ ಚಕ್ಕೆಗಳನ್ನು ಡೈಜೆಸ್ಟರ್ ಎಂಬ ಒತ್ತಡದ ಪಾತ್ರೆಯೊಳಗೆ ಸುಮಾರು 160ರಿಂದ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿದಾಗ, ನಾರುಗಳನ್ನು ಬೆಸೆದಿಟ್ಟಿದ್ದ ಲಿಗ್ನಿನ್ ಎಂಬ ಅಂಟು ಕರಗಿ, ಕಪ್ಪು ದ್ರಾವಣವಾಗಿ ಬೇರೆಯಾಗುತ್ತದೆ. ಆ ಕಪ್ಪು ದ್ರಾವಣವನ್ನು ಆವಿಪಾತ್ರೆಗಳ ಸಾಲಿನಲ್ಲಿ ಗಟ್ಟಿಗೊಳಿಸಿ, ಕುಲುಮೆಯಲ್ಲಿ ಉರಿಸಿ, ಉಳಿದ ಲವಣವನ್ನು ನೀರಿನಲ್ಲಿ ಕರಗಿಸಿ, ಸುಣ್ಣ ಬೆರೆಸಿ ಮತ್ತೆ ವೈಟ್ ಲಿಕರ್ ಮಾಡಿಕೊಳ್ಳುತ್ತಾರೆ. ಈ ಚಕ್ರದ ಜಾಣ್ಮೆಯೇ ಅದರ ತೊಡಕೂ ಹೌದು, ಏಕೆಂದರೆ ಬೇಕಾದ ಸೋಡಿಯಂ ತಿರುಗಿ ಬರುವ ದಾರಿಯಲ್ಲೇ ಬೇಡದ ಖನಿಜಗಳೂ ತಿರುಗಾಡುತ್ತವೆ. ಆದ್ದರಿಂದ ಸ್ಕೇಲ್ ನಿಯಂತ್ರಣವೆಂಬುದು ಮೂಲತಃ ಉಜ್ಜಿ ತೊಳೆಯುವ ಪ್ರಶ್ನೆಯಾಗಿರದೆ, ಯಾವ ಖನಿಜ ಯಾವ ಬಾಗಿಲಿನಿಂದ ಹೊರಹೋಗಬೇಕೆಂದು ತೀರ್ಮಾನಿಸುವ ಪ್ರಶ್ನೆಯಾಗಿದೆ.

ಮರದ ಕ್ಯಾಲ್ಸಿಯಂ ಬೇಯುವ ಆರಂಭದಲ್ಲಿ ಲಿಗ್ನಿನ್ನಿನ ಚೂರುಗಳಿಗೆ ಅಂಟಿಕೊಂಡು ದ್ರಾವಣದಲ್ಲಿ ತೇಲುತ್ತಿರುತ್ತದೆ. ಶಾಖ ಏರಿದಂತೆ ಆ ಹಿಡಿತ ಸಡಿಲಗೊಂಡು, ಬಿಡುಗಡೆಯಾದ ಕ್ಯಾಲ್ಸಿಯಂ ದ್ರಾವಣದಲ್ಲಿ ಸದಾ ಇರುವ ಕಾರ್ಬನೇಟನ್ನು ಕೂಡಿ ಕ್ಯಾಲ್ಸಿಯಂ ಕಾರ್ಬನೇಟ್ ಆಗುತ್ತದೆ. ಸಕ್ಕರೆ ಬಿಸಿಯಲ್ಲಿ ಹೆಚ್ಚು ಕರಗಿದರೆ, ಈ ಲವಣ ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುವುದರಿಂದ, ಎಲ್ಲಕ್ಕಿಂತ ಬಿಸಿಯಾದ ಮೈಯನ್ನೇ, ಅಂದರೆ ಶಾಖವನ್ನು ದಾಟಿಸಬೇಕಾದ ನಳಿಗೆಯನ್ನೇ, ಆರಿಸಿಕೊಂಡು ಕುಳಿತುಕೊಳ್ಳುತ್ತದೆ. ಪದರ ದಪ್ಪವಾದಂತೆ ಶಾಖ ದಾಟುವುದು ಕುಂದುತ್ತದೆ. ಕುಂದಿದ್ದನ್ನು ಸರಿದೂಗಿಸಲು ಹಬೆ ಹೆಚ್ಚಿಸಿದರೆ ಮೈ ಇನ್ನಷ್ಟು ಬಿಸಿಯಾಗಿ ಪದರ ಇನ್ನೂ ಬೇಗ ಬೆಳೆಯುತ್ತದೆ. ಕಪ್ಪು ದ್ರಾವಣ ಗಟ್ಟಿಯಾಗುವಾಗ ಕಾಣಿಸಿಕೊಳ್ಳುವ ಬರ್ಕೈಟ್ ಎಂಬ ಸೋಡಿಯಂ ಕಾರ್ಬನೇಟ್ ಮತ್ತು ಸಲ್ಫೇಟ್‌ಗಳ ಜೋಡಿ ಲವಣವೂ ತೊಂದರೆಯದೇ, ಆದರೆ ಅದು ತೆಳು ದ್ರಾವಣದಲ್ಲಿ ತೊಳೆದರೆ ಕರಗುವ ಸಾಧು ಪದರ.

ಸುಣ್ಣದ ಪದರವನ್ನು ತಡೆಯಲು ಫಾಸ್ಫೋನೇಟ್, ಪಾಲಿಅಕ್ರಿಲೇಟ್ ಮೊದಲಾದ ಪ್ರತಿಬಂಧಕಗಳನ್ನು ದಶಲಕ್ಷದಲ್ಲಿ ಕೆಲವೇ ಭಾಗಗಳಷ್ಟು ಬೆರೆಸುವ ಪದ್ಧತಿಯಿದೆ. ಇಷ್ಟು ಅಲ್ಪ ಪ್ರಮಾಣ ಇಷ್ಟೊಂದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಲಾರದು. ಅದರ ಯುಕ್ತಿಯೇ ಬೇರೆ. ಹರಳಿನ ಮೈ ಮೇಲ್ನೋಟಕ್ಕೆ ನುಣುಪಾಗಿದ್ದರೂ ಅಣುಗಳ ಮಟ್ಟದಲ್ಲಿ ಮೆಟ್ಟಿಲು ಮೆಟ್ಟಿಲಾಗಿದ್ದು, ಹೊಸ ಅಯಾನುಗಳು ಬಂದು ಸೇರುವುದು ಆ ಮೆಟ್ಟಿಲುಗಳ ಅಂಚಿನಲ್ಲಿ. ಪ್ರತಿಬಂಧಕವು ಆ ಅಂಚುಗಳನ್ನಷ್ಟೇ ಆಕ್ರಮಿಸಿ ಕುಳಿತರೆ ಹರಳಿನ ಬೆಳವಣಿಗೆ ನಿಲ್ಲುತ್ತದೆ ಅಥವಾ ಸೊಟ್ಟಗಾಗಿ ಗೋಡೆಗೆ ಅಂಟದ ಪುಡಿಯಾಗುತ್ತದೆ. ಇದನ್ನು ಪರಿಹಾರ ಎನ್ನುವುದಕ್ಕಿಂತ ಸಾಗಣೆಗೆ ಸಿಕ್ಕ ವಾಯಿದೆ ಎನ್ನುವುದು ಸರಿ: ಡೈಜೆಸ್ಟರಿನಲ್ಲಿ ಕೂರದ ಕ್ಯಾಲ್ಸಿಯಂ ಮುಂದೆ ಆವಿಪಾತ್ರೆಯಲ್ಲಿ ಕೂರಬಹುದು.

ಕಟ್ಟಿಬಿಟ್ಟ ಪದರವನ್ನು ಆಮ್ಲದಿಂದ ಕರಗಿಸುವಾಗ ಎರಡು ಎಚ್ಚರಗಳು ಅಗತ್ಯ. ಗಂಧಕಾಮ್ಲವನ್ನು ಬಳಸಿದರೆ ಕಾರ್ಬನೇಟ್ ಹೋಗಿ ಆ ಜಾಗದಲ್ಲಿ ಸುಲಭವಾಗಿ ಕರಗದ ಜಿಪ್ಸಂ ಕಟ್ಟುವುದರಿಂದ ಹೈಡ್ರೋಕ್ಲೋರಿಕ್ ಅಥವಾ ಸಲ್ಫಾಮಿಕ್ ಆಮ್ಲವನ್ನು, ಲೋಹವನ್ನು ಕಾಯುವ ರಾಸಾಯನಿಕದ ಜೊತೆಗೆ, ಬಳಸಬೇಕಾಗುತ್ತದೆ. ಇನ್ನು ನಳಿಗೆಯಲ್ಲಿ ಕಪ್ಪು ದ್ರಾವಣ ಉಳಿದಿದ್ದು ಅದಕ್ಕೆ ಆಮ್ಲ ತಗುಲಿದರೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹೊರಡುತ್ತದೆ. ಕೊಳೆತ ಮೊಟ್ಟೆಯ ಅದರ ನಾತವನ್ನೇ ಎಚ್ಚರಿಕೆಯ ಗಂಟೆಯೆಂದು ನಂಬುವಂತಿಲ್ಲ, ಏಕೆಂದರೆ ಅನಿಲ ಹೆಚ್ಚಾದಾಗ ಮೂಗಿನ ಶಕ್ತಿಯೇ ಮೊದಲು ಮರಗಟ್ಟುತ್ತದೆ.

ಕರ್ನಾಟಕಕ್ಕೆ ಈ ವಿಷಯದ ನಂಟು ಬಿದಿರಿನ ಮೂಲಕ ಬಂದದ್ದು. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಕಾಗದ ಕಾರ್ಖಾನೆಯೂ 1955ರಲ್ಲಿ ಹುಟ್ಟಿದ ದಾಂಡೇಲಿಯ ಕಾರ್ಖಾನೆಯೂ ಮೊದಲಿಗೆ ಬಿದಿರನ್ನು ನೆಚ್ಚಿದ್ದವು. ಹುಲ್ಲಿನ ಜಾತಿಯ ಬಿದಿರಿನಲ್ಲಿ ಮರಕ್ಕಿಂತ ಬಹಳ ಹೆಚ್ಚು ಸಿಲಿಕಾ, ಅಂದರೆ ಮರಳಿನ ಮೂಲದ್ರವ್ಯ, ಇರುತ್ತದೆ. ಅದು ಕ್ಷಾರದಲ್ಲಿ ಕರಗಿ, ಆವಿಪಾತ್ರೆಗಳಲ್ಲಿ ಆಮ್ಲಕ್ಕೂ ಸುಲಭಕ್ಕೆ ಜಗ್ಗದ ಗಾಜಿನಂಥ ಪದರವಾಗುತ್ತದೆ. ವೈಟ್ ಲಿಕರ್ ಮಾಡುವಾಗ ಉಳಿಯುವ ಸುಣ್ಣದ ಕೆಸರಿನಲ್ಲಿಯೂ ಅದು ಸೇರಿಕೊಳ್ಳುವುದರಿಂದ ಆ ಕೆಸರನ್ನು ಸುಟ್ಟು ಮತ್ತೆ ಸುಣ್ಣ ಮಾಡುವುದು ಕಷ್ಟವಾಗುತ್ತದೆ.

ಬಿದಿರಿನ ಜಾಗಕ್ಕೆ ನೀಲಗಿರಿ ಮರ ಬಂದಾಗ ಸಿಲಿಕಾದ ಕಾಟ ಇಳಿದು ಕ್ಯಾಲ್ಸಿಯಂನ ಲೆಕ್ಕ ಮುಂದಕ್ಕೆ ಬಂತು. ನೀಲಗಿರಿಯ ತೊಗಟೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳ ರೂಪದಲ್ಲಿ ದಟ್ಟವಾಗಿದ್ದು, ಅದರ ಪ್ರಮಾಣ ಒಳಗಿನ ಮರದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಕಡಿದ ಹಸಿ ಬೊಡ್ಡೆಯಿಂದ ಉದ್ದುದ್ದ ಪಟ್ಟಿಯಾಗಿ ಸುಲಿದು ಬರುವ ಆ ತೊಗಟೆ ಬೊಡ್ಡೆ ಒಣಗಿದ ಮೇಲೆ ಕಚ್ಚಿ ಹಿಡಿಯುತ್ತದೆ; ಆದ್ದರಿಂದ ಕಡಿದ ಜಾಗದಲ್ಲೇ ಸುಲಿಸಿದರೆ ಅಷ್ಟು ಕ್ಯಾಲ್ಸಿಯಂ ಲಾರಿಯನ್ನೇ ಹತ್ತದೆ, ತಾನು ಬಂದ ನೆಡುತೋಪಿನ ಮಣ್ಣಿನಲ್ಲಿಯೇ ಉಳಿಯುತ್ತದೆ.